ಒರತೆ

ಓದಲು ಬರುವುದು ಬೇರೆ, ಓದುವುದು ಬೇರೆ. ಅಕ್ಷರ ಕಲಿತ ಎಲ್ಲರಿಗೂ ಮೊದಲನೆಯದು ದೊರೆತಿರುತ್ತದೆ. ಎರಡನೆಯದು ಕೆಲವರಿಗೆ ಬಾಲ್ಯದಲ್ಲಿಯೇ ಒಲಿಯುತ್ತದೆ. ಕೆಲವರಿಗೆ ತಡವಾಗಿ ಒಲಿಯುತ್ತದೆ. ಇನ್ನು ಹಲವರು ಅದು ತಮ್ಮ ಪಾಲಿನದಲ್ಲವೆಂದು ತಾವೇ ತೀರ್ಮಾನಿಸಿಕೊಂಡು ಅದರ ಗೊಡವೆಗೇ ಹೋಗುವುದಿಲ್ಲ. ಪರಶುರಾಂಪುರದ ಒಬ್ಬ ತರುಣನು ಹದಿನೆಂಟು ತುಂಬುವವರೆಗೆ ಈ ಕಡೆಯ ಗುಂಪಿಗೆ ಸೇರಿದ್ದನು.

ಪರಶುರಾಂಪುರವು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಮಳೆ ಕಡಿಮೆಯಾದ ಬಯಲುಸೀಮೆಯ ಊರು. ಶೇಂಗಾ ಅಲ್ಲಿಯ ಮುಖ್ಯ ಬೆಳೆ. ಕುರಿಗಳು ಅಲ್ಲಿಯ ಜನರ ಆಪತ್ಕಾಲದ ಹಣ. ಸಮೀಪದಲ್ಲಿಯೇ ವೇದಾವತಿ ನದಿಯಿದ್ದರೂ ಮಳೆ ಕೈಕೊಟ್ಟ ವರ್ಷಗಳಲ್ಲಿ ಅಲ್ಲಿ ನೀರಿಗಿಂತ ಮರಳೇ ಹೆಚ್ಚಾಗಿ ಕಾಣುತ್ತದೆ. ಆಂಧ್ರದ ಗಡಿ ಹತ್ತಿರವಾದುದರಿಂದ ಅನೇಕ ಮನೆಗಳ ಒಳಗಿನ ಮಾತು ತೆಲುಗು, ಶಾಲೆಯ ಮಾತು ಕನ್ನಡ, ಬೀದಿಯ ಮಾತು ಎರಡೂ ಬೆರೆತದ್ದು. ಈ ತರುಣನ ಮನೆಯೂ ಅಂತಹುದೇ. ಮನೆಯಲ್ಲಿ ಒಂದು ಭಾಷೆಯಲ್ಲಿ ನಕ್ಕು ಅತ್ತು ಜಗಳವಾಡಿ, ಪುಸ್ತಕದಲ್ಲಿ ಇನ್ನೊಂದು ಭಾಷೆಯನ್ನು ಎದುರಿಸಬೇಕಾದವನಿಗೆ ಓದು ಮೊದಲಿನಿಂದಲೂ ಏರುದಾರಿಯಾಗಿಯೇ ಇತ್ತು. ಆದರೆ ಈ ಕಾರಣವನ್ನು ಅವನು ಎಂದೂ ಎಣಿಸಿರಲಿಲ್ಲ. ತಾನು ದಡ್ಡ, ಆದುದರಿಂದ ಓದು ನಿಧಾನ ಎಂದೇ ಅವನು ನಂಬಿದ್ದನು.

ಹಾಗೆಂದು ಅವನು ಪರೀಕ್ಷೆಗಳಲ್ಲಿ ಸೋತವನಲ್ಲ. ಗೈಡುಗಳಲ್ಲಿದ್ದ ಪ್ರಶ್ನೋತ್ತರಗಳನ್ನು ಉರುಹೊಡೆದು ಎಸ್.ಎಸ್.ಎಲ್.ಸಿ.ಯನ್ನು ದಾಟಿದನು, ಅದೇ ದಾರಿಯಿಂದ ದ್ವಿತೀಯ ಪಿ.ಯು.ಸಿ. ಪರೀಕ್ಷೆಯನ್ನೂ ಬರೆದನು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವನು ಓದಿ ಮುಗಿಸಿದ ಪುಸ್ತಕ ಮಾತ್ರ ಒಂದೂ ಇರಲಿಲ್ಲ. ಮುಂದೆ ಚಿತ್ರದುರ್ಗದ ಕಾಲೇಜಿನಲ್ಲಿ ಇತಿಹಾಸವನ್ನು ಓದಬೇಕೆಂಬ ಆಸೆ ಅವನಲ್ಲಿತ್ತು. ಶಾಲೆಯ ಪ್ರವಾಸದಲ್ಲಿ ಕೋಟೆಯನ್ನು ನೋಡಿ ಬಂದಂದಿನಿಂದ ಆ ಆಸೆ ಮನಸ್ಸಿನಲ್ಲಿ ಕುಳಿತಿತ್ತು. ಆದರೆ ಅಲ್ಲಿ ಓದುತ್ತಿದ್ದ ಹಿರಿಯ ವಿದ್ಯಾರ್ಥಿಯೊಬ್ಬನು ರಜಕ್ಕೆ ಬಂದಾಗ ತನ್ನ ಚೀಲವನ್ನು ತೆರೆದು ತೋರಿಸಿದನು. ಅದರಲ್ಲಿದ್ದ ಪುಸ್ತಕಗಳು ಇಟ್ಟಿಗೆಗಳಂತೆ ದಪ್ಪವಾಗಿದ್ದುವು. “ಇಷ್ಟನ್ನೂ ಓದಬೇಕೆ?” ಎಂದು ಇವನು ಕೇಳಿದಾಗ ಅವನು, “ಇದು ಒಂದು ಪತ್ರಿಕೆಗೆ ಮಾತ್ರ” ಎಂದು ನಕ್ಕುಬಿಟ್ಟನು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ತಂದೆ ತಾನಾಗಿಯೇ ಮಾತೆತ್ತಿದನು. “ಹಾಸ್ಟೆಲ್ಲು, ಪುಸ್ತಕ, ಬಸ್ಸು ಎಲ್ಲಾ ಸೇರಿ ಲೆಕ್ಕ ಹಾಕಿದೀನಿ ಮಗಾ. ಎರಡು ಕುರಿ ಮಾರಬೇಕು. ಮಾರೋದಕ್ಕೆ ನನಗೇನೂ ಬೇಸರವಿಲ್ಲ. ಆದರೆ ಒಂದು ಪುಟ ಓದೋದಕ್ಕೆ ಮುಂಚೆ ನೀನು ಮೂರು ಸಲ ಎದ್ದು ಹೋಗ್ತೀಯ. ಮೂರು ವರ್ಷ ಓದಬಲ್ಲೆಯಾ ಅಂತ ನಿನ್ನನ್ನೇ ನೀನು ಕೇಳಿಕೋ. ಆಗದು ಅಂದರೂ ಚಿಂತೆಯಿಲ್ಲ, ಹೊಲ ಇದ್ದೇ ಇದೆ.” ಆ ಮಾತಿನಲ್ಲಿ ಗದರಿಕೆಯಿರಲಿಲ್ಲ. ಗದರಿಕೆಯಿದ್ದಿದ್ದರೆ ಎದುರುತ್ತರ ಕೊಡಬಹುದಾಗಿತ್ತು. ತರುಣನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಾಲೇಜು ಆರಂಭವಾಗುವುದಕ್ಕೆ ಇನ್ನೂ ಕೆಲವು ತಿಂಗಳು ಉಳಿದಿದ್ದುವು.

ಬೆಳಗಾಗುತ್ತಲೇ ಅವನು ಒಂದು ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿದನು. ನಸುಕಿನ ನಾಲ್ಕು ಗಂಟೆಗೆ ಏಳುವುದು, ದಿನಕ್ಕೆ ಐವತ್ತು ಪುಟ ಓದುವುದು. ಊರಿನ ಗ್ರಂಥಾಲಯದಲ್ಲಿದ್ದ ಪುಸ್ತಕಗಳಲ್ಲಿ ದಪ್ಪನೆಯದನ್ನೇ ಆರಿಸಿ ತಂದನು. ಅದು ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’. ಚಿತ್ರದುರ್ಗದ ಕೊನೆಯ ಪಾಳೆಯಗಾರ ಮದಕರಿನಾಯಕನನ್ನು ಕುರಿತ ಆ ಕಾದಂಬರಿಗೆ ೧೯೮೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದನ್ನು ಕಾಣಲು ತರಾಸು ಬದುಕಿರಲಿಲ್ಲ, ೧೯೮೪ರಲ್ಲಿ ತೀರಿಕೊಂಡಿದ್ದರು. ಅವರ ಮನೆತನ ಇದೇ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ನಮ್ಮ ಕಡೆಯವರು ಬರೆದ, ನಮ್ಮ ದುರ್ಗದ ಕಥೆ. ಓದಿಬಿಡಬಹುದು ಎಂದು ತರುಣನು ಭಾವಿಸಿದನು. ಮೊದಲ ದಿನ ಹನ್ನೊಂದು ಪುಟಗಳಾದುವು. ಎರಡನೆಯ ದಿನ ನಾಲ್ಕು. ಮೂರನೆಯ ದಿನ ನಾಲ್ಕು ಗಂಟೆಗೆ ಎಚ್ಚರವಾಗಲಿಲ್ಲ. ಎದ್ದಮೇಲೆ ಕೈ ತಾನಾಗಿಯೇ ಮೊಬೈಲಿನ ಕಡೆ ಹೋಯಿತು. ವಾರ ಮುಗಿಯುವುದರೊಳಗೆ ಗೋಡೆಯ ವೇಳಾಪಟ್ಟಿ ಅವನನ್ನು ಅಣಕಿಸತೊಡಗಿತು. ಅದನ್ನು ಕಿತ್ತುಹಾಕಿ, ಪುಸ್ತಕವನ್ನು ಹಿಂದಿರುಗಿಸಲು ಹೊರಟನು.

ಗ್ರಂಥಾಲಯದಲ್ಲಿ ದಿನವೂ ಪತ್ರಿಕೆ ಓದಲು ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಅವನ ಕೈಯಲ್ಲಿದ್ದ ಪುಸ್ತಕವನ್ನು ನೋಡಿ, “ಮುಗಿಯಿತೇನಪ್ಪ?” ಎಂದು ವಿಚಾರಿಸಿದರು.

“ಇಲ್ಲ ಮೇಷ್ಟ್ರೇ. ನನಗೆ ಓದು ಹತ್ತುವುದಿಲ್ಲ.”

“ಒಂದೇ ಸಮನೆ ಎಷ್ಟು ಹೊತ್ತು ಓದಬಲ್ಲೆ?”

ತರುಣನು ನಾಚಿಕೆಯಿಂದ, “ಹತ್ತು ನಿಮಿಷ” ಎಂದನು.

“ಹಾಗಾದರೆ ಹತ್ತೇ ನಿಮಿಷ ಓದು. ಹನ್ನೊಂದನೆಯ ನಿಮಿಷಕ್ಕೆ ಪುಸ್ತಕ ಮುಚ್ಚು. ಆದರೆ ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತು ಓದು. ಇನ್ನೊಂದು ಮಾತು. ಮೊದಲ ದಿನವೇ ಯಾರೂ ಜೋಗಿಮಟ್ಟಿಯನ್ನು ಹತ್ತುವುದಿಲ್ಲ.” ಹೀಗೆಂದು ಅವರು ಕಪಾಟಿನಿಂದ ಒಂದು ಚಿಕ್ಕ ಪುಸ್ತಕವನ್ನು ತೆಗೆದುಕೊಟ್ಟರು. ಅದು ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’. ಶಾಸ್ತ್ರಿಗಳು ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯವರು, ಮೇಷ್ಟ್ರಾಗಿದ್ದವರು. ಮುಕುಂದೂರು ಸ್ವಾಮಿಗಳೆಂಬ ಸಾಧುವಿನ ಒಡನಾಟವನ್ನು ಅದರಲ್ಲಿ ಹೇಳಿದ್ದಾರೆ. ಹೆಸರನ್ನು ಓದುತ್ತಲೇ ತರುಣನಿಗೆ ಅಚ್ಚರಿಯಾಯಿತು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಕಿವಿಗೆ ಬೀಳುವಂತಹ ಮಾತು ಪುಸ್ತಕದ ಮೇಲೆ ಅಚ್ಚಾಗಬಹುದೆಂದು ಅವನು ಭಾವಿಸಿರಲಿಲ್ಲ.

ಅಲ್ಲಿಯ ಗೋಡೆಯ ಮೇಲೆ ಎಸ್. ಆರ್. ರಂಗನಾಥನ್ ಅವರ ಭಾವಚಿತ್ರ ತೂಗುತ್ತಿದ್ದಿತು. ಮೇಷ್ಟ್ರು ಅದನ್ನು ತೋರಿಸಿ ಅವರ ಕಥೆಯನ್ನು ಹೇಳಿದರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ರಂಗನಾಥನ್ ಮೊದಲು ಗಣಿತದ ಅಧ್ಯಾಪಕರು. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ಸೇರಿದ ಕೆಲವೇ ದಿನಗಳಲ್ಲಿ ಪುಸ್ತಕಗಳ ನಡುವಿನ ಆ ಏಕಾಂತ ಅವರಿಗೆ ಸಾಕುಸಾಕಾಯಿತು. ತಮ್ಮನ್ನು ಮತ್ತೆ ಪಾಠ ಹೇಳಲು ಕಳುಹಿಸಬೇಕೆಂದು ಅವರು ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯದ ಶಿಕ್ಷಣ ಪಡೆದು ಬನ್ನಿ, ಆಗಲೂ ಬೇಸರವಾದರೆ ಹಿಂದಿರುಗಬಹುದು ಎಂಬ ಉತ್ತರ ದೊರೆಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಲಿತು, ಇಂಗ್ಲೆಂಡಿನ ಗ್ರಂಥಾಲಯಗಳಿಗೆ ಜನಸಾಮಾನ್ಯರು ಬಂದುಹೋಗುವುದನ್ನು ಕಂಡ ಮೇಲೆ ಅವರ ಮನಸ್ಸು ಬದಲಾಯಿತು. ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಅವರು ೧೯೩೧ರಲ್ಲಿ ಪ್ರಕಟಿಸಿದರು. ಪುಸ್ತಕಗಳಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವೊಂದಿದೆ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನಿದ್ದಾನೆ ಎಂಬುವು ಅವುಗಳಲ್ಲಿ ಸೇರಿವೆ. ಪುಸ್ತಕಗಳ ಋಷಿಗೂ ಮೊದಲು ಪುಸ್ತಕದ ಮನೆ ಬೇಸರ ತಂದಿತ್ತೆಂಬುದನ್ನು ಕೇಳಿ ತರುಣನ ಮನಸ್ಸು ಸ್ವಲ್ಪ ಹಗುರವಾಯಿತು.

ಸಂಜೆ ಕುರಿಗಳನ್ನು ಕೂಡಿದ ಮೇಲೆ, ಮನೆಯ ಮುಂದಿನ ಕಟ್ಟೆಯ ಮೇಲೆ ಹತ್ತು ನಿಮಿಷ. ಮೊಬೈಲು ಅಷ್ಟು ಹೊತ್ತು ಒಳಗಿನ ಗೂಡಿನಲ್ಲಿ. ಇದು ಅವನ ಹೊಸ ನಿಯಮ. ಹತ್ತು ನಿಮಿಷ ಎಂಬುದು ಎಷ್ಟು ಚಿಕ್ಕದೆಂದರೆ ಅದನ್ನು ತಪ್ಪಿಸಲು ನೆಪ ಹುಡುಕುವುದೇ ಕಷ್ಟವಾಗುತ್ತಿತ್ತು. ಆರೆಂಟು ದಿನ ಕಳೆಯುವುದರೊಳಗೆ ಹನ್ನೊಂದನೆಯ ನಿಮಿಷ ತಿಳಿಯದೆ ಜಾರಿಹೋಗತೊಡಗಿತು. ಕಣ್ಣು ಸಾಲಿನಿಂದ ಸಾಲಿಗೆ ನೆಟ್ಟಗೆ ಹರಿಯದೆ ಕುಪ್ಪಳಿಸುತ್ತದೆ, ಹಿಂದಕ್ಕೂ ಓಡುತ್ತದೆ ಎಂಬುದು ಅವನ ಇನ್ನೊಂದು ದೂರಾಗಿತ್ತು. ಇದು ದೋಷವಲ್ಲ. ಎಲ್ಲರ ಕಣ್ಣೂ ಹಾಗೆಯೇ ಓದುತ್ತದೆ. ಓದುವವನ ಕಣ್ಣು ಒಂದೆಡೆ ಸುಮಾರು ಕಾಲು ಸೆಕೆಂಡಿನಷ್ಟು ನಿಂತು ಮುಂದಕ್ಕೆ ನೆಗೆಯುತ್ತದೆ. ಅರ್ಥ ಕೈತಪ್ಪಿದಾಗ ಹಿಂದಿರುಗಿ ನೋಡುತ್ತದೆ. ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜಾವಾಲ್ ಮತ್ತು ಅವನ ಸಂಗಡಿಗರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ನೆಗೆತಗಳನ್ನು ಗಮನಿಸಿದ್ದರು. ಪಂಡಿತನ ಕಣ್ಣೂ ಕುಪ್ಪಳಿಸುತ್ತದೆ. ಅವನು ಅದಕ್ಕಾಗಿ ನಾಚಿಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಮುಂಗಾರು ಹತ್ತಿರವಾದಂತೆ ಊರಿನಲ್ಲಿ ಬಿತ್ತನೆಯ ಶೇಂಗಾ ಸುಲಿಯುವ ಕೆಲಸ ಆರಂಭವಾಯಿತು. ಬೀಜದ ಮೇಲಿನ ಕೆಂಪು ಹೊಟ್ಟು ಹರಿಯದಂತೆ, ಬೇಳೆ ಒಡೆಯದಂತೆ ಒಂದೊಂದೇ ಕಾಯನ್ನು ಕೈಯಿಂದ ಬಿಡಿಸಬೇಕು. ತಾಯಿಯೂ ನೆರೆಮನೆಯ ಹೆಂಗಸರೂ ಅದೇ ಕಟ್ಟೆಯ ಮೇಲೆ ಮೊರಗಳನ್ನು ಇಟ್ಟುಕೊಂಡು ಕುಳಿತರು. ಓದಲು ಬೇರೆ ಜಾಗ ಹುಡುಕಬೇಕೆಂದು ತರುಣನು ಎದ್ದಾಗ ತಾಯಿ, “ಅದೇನು ಓದುತ್ತೀಯೋ ಗಟ್ಟಿಯಾಗಿ ಓದಪ್ಪ, ನಮಗೂ ಹೊತ್ತು ಹೋಗುತ್ತದೆ” ಎಂದಳು. ಆ ವೇಳೆಗೆ ಅವನು ಮೊದಲ ಪುಸ್ತಕವನ್ನು ಮುಗಿಸಿ ತರಾಸು ಅವರ ‘ಕಂಬನಿಯ ಕುಯಿಲು’ ಕಾದಂಬರಿಗೆ ಕೈಹಾಕಿದ್ದನು. ದುರ್ಗದ ಅರಮನೆಯ ಒಳಜಗಳದ ಕಥೆ. ಅವನು ಕನ್ನಡದಲ್ಲಿ ಓದುವುದು, ತಿಳಿಯದಿದ್ದವರಿಗೆ ತೆಲುಗಿನಲ್ಲಿ ಹೇಳುವುದು, ಹೀಗೆ ಸಾಗಿತು.

ಎರಡನೆಯ ಸಂಜೆಯೇ ಒಂದು ತೊಡಕು ಬಂದಿತು. ಕೈಯಲ್ಲಿದ್ದ ಕಾಯನ್ನು ಒತ್ತುತ್ತಾ ತಾಯಿ, “ಈ ದಳವಾಯಿ ಅಂದರೆ ಯಾರು?” ಎಂದು ಕೇಳಿದಳು.

“ಒಬ್ಬನ ಹೆಸರು ಕಣಮ್ಮ.”

“ಅವನ ಹೆಸರು ಮುದ್ದಣ್ಣ ಅಂತ ಆಗಲೇ ಓದಿದೆಯಲ್ಲ. ಒಬ್ಬನಿಗೆ ಎರಡು ಹೆಸರೇನು?”

ಮೊರಗಳ ಸದ್ದು ನಿಂತಿತು. ತರುಣನು ಪುಟವನ್ನು ದಿಟ್ಟಿಸಿದನು. ಆ ಶಬ್ದವನ್ನು ಅವನು ಅನೇಕ ಸಲ ಓದಿದ್ದನು, ಅದರ ಅರ್ಥ ಒಮ್ಮೆಯೂ ಅವನಿಗೆ ತಿಳಿದಿರಲಿಲ್ಲ, ತಿಳಿದಿಲ್ಲವೆಂಬುದೂ ತಿಳಿದಿರಲಿಲ್ಲ. ಅಕ್ಷರ ಬಾರದ ತಾಯಿಗೆ ಒಮ್ಮೆ ಕೇಳುತ್ತಲೇ ಕಂಡ ತೊಡಕು, ಹನ್ನೆರಡು ವರ್ಷ ಶಾಲೆ ಕಾಲೇಜುಗಳಲ್ಲಿ ಓದಿದ ತನಗೆ ಕಾಣಲಿಲ್ಲವಲ್ಲ ಎಂದು ಅವನ ಮುಖ ಕೆಂಪೇರಿತು. ಇಷ್ಟು ವರ್ಷ ತಾನು ಮಾಡಿದ್ದು ಓದಲ್ಲ, ಅಕ್ಷರಗಳ ಮೇಲೆ ಓಡಿದ್ದು ಎಂಬುದು ಅವನಿಗೆ ಆಗ ಹೊಳೆಯಿತು. ಉರುಹೊಡೆಯುವವನಿಗೆ ಅರ್ಥದ ಹಂಗಿಲ್ಲ. ಇನ್ನೊಬ್ಬರಿಗೆ ಹೇಳಬೇಕಾದವನಿಗೆ ಅರ್ಥವಿಲ್ಲದೆ ಗತಿಯಿಲ್ಲ. ಮರುದಿನ ಅವನು ಗ್ರಂಥಾಲಯಕ್ಕೆ ಹೋಗಿ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟನ್ನು ಮೊದಲ ಬಾರಿಗೆ ತೆರೆದನು. ದಳವಾಯಿ ಎಂದರೆ ಸೇನಾಪತಿ. ಸಂಜೆ ಅದನ್ನು ಹೇಳಿದಾಗ ತಾಯಿ, “ಹಾಗಾದರೆ ರಾಜ ಅವನಿಗೆ ಹೆದರಿದ್ದು ಸರಿ. ದಂಡೆಲ್ಲ ಅವನ ಕೈಯಲ್ಲೇ ಇತ್ತಲ್ಲ!” ಎಂದಳು. ಆ ಒಂದು ಪದದಿಂದ ಕಥೆಯ ಬೀಗವೇ ತೆರೆದಂತಾಯಿತು.

ಗಟ್ಟಿಯಾಗಿ ಓದುವುದು ಚಿಕ್ಕಮಕ್ಕಳ ಕೆಲಸವೆಂಬ ಭಾವನೆ ಈಗ ಸಾಮಾನ್ಯವಾಗಿದೆ. ಆದರೆ ಈ ನಾಡಿನಲ್ಲಿ ಓದು ಬಹುಕಾಲ ಕಿವಿಯ ಮೂಲಕವೇ ನಡೆದುಬಂದಿತು. ಒಬ್ಬರು ಗಮಕಿಗಳು ಭಾರತವನ್ನು ವಾಚಿಸಿದರೆ ಊರೇ ಕುಳಿತು ಕೇಳುತ್ತಿದ್ದಿತು. ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತನ್ನು ಕೇಳಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬ ಬೋಧೆ ಅವುಗಳಲ್ಲಿದೆ. ಅವುಗಳನ್ನು ಬರೆದ ಲಿಪಿಕಾರ ಚಪಡನೆಂಬವನು ತನ್ನ ಹೆಸರನ್ನೂ ಕಲ್ಲಿನಲ್ಲಿ ಉಳಿಸಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಆ ಬಂಡೆಗಳ ಮುಂದೆ ನಿಂತವರಲ್ಲಿ ಓದಬಲ್ಲವರು ಎಷ್ಟು ಮಂದಿ ಇದ್ದಾರು? ಒಡಿಶಾದ ಧೌಲಿ, ಜೌಗಡಗಳ ಶಾಸನಗಳನ್ನಂತೂ ಗೊತ್ತಾದ ದಿನಗಳಲ್ಲಿ ಜನರಿಗೆ ಓದಿ ಕೇಳಿಸಬೇಕೆಂದು ಅಶೋಕನೇ ಆಜ್ಞೆ ಮಾಡಿದ್ದಾನೆ. ಶೇಂಗಾದ ಮೊರಗಳ ನಡುವೆ ಕುಳಿತು ಓದುತ್ತಿದ್ದ ತರುಣನು ತಿಳಿಯದೆಯೇ ಬಹಳ ಹಳೆಯ ದಾರಿಯೊಂದನ್ನು ಹಿಡಿದಿದ್ದನು.

ಕೇಳುವವರು ಇರುವುದರಿಂದ ಮತ್ತೊಂದು ಪ್ರಯೋಜನವಾಯಿತು. ಕಥೆಯನ್ನು ನಿಲ್ಲಿಸಿದೆಡೆಯಿಂದಲೇ ಮರುದಿನ ಹೆಂಗಸರು, “ಮುಂದೇನಾಯಿತು?” ಎಂದು ಕೇಳುತ್ತಿದ್ದರು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನೆರೆಮನೆಯ ಹುಡುಗಿಯೊಬ್ಬಳಂತೂ ಅವನಿಗಿಂತ ಮೊದಲೇ ಬಂದು ಕುಳಿತಿರುತ್ತಿದ್ದಳು. ತನಗಾಗಿ ಓದುವಾಗ ಸೋಮಾರಿತನ ಮಾಡಬಹುದಾಗಿತ್ತು. ಅವರಿಗಾಗಿ ಓದುವಾಗ ಅದು ಸಾಧ್ಯವಿರಲಿಲ್ಲ. ಹತ್ತು ನಿಮಿಷ ಅರ್ಧ ಗಂಟೆಯಾಯಿತು, ಅರ್ಧ ಗಂಟೆ ಒಂದು ಗಂಟೆಯಾಯಿತು.

ಅಷ್ಟರಲ್ಲಿ ಮಳೆ ಬಂದಿತು. ಬಿತ್ತನೆಯ ಅವಸರದಲ್ಲಿ ನಾಲ್ಕು ದಿನ ಪುಸ್ತಕ ಮುಟ್ಟಲಾಗಲಿಲ್ಲ. ಐದನೆಯ ದಿನ ತರುಣನು ಕಟ್ಟೆಯ ಮೇಲೆ ಕುಳಿತು, ಎಲ್ಲವೂ ಹಾಳಾಯಿತೆಂದೇ ಬಗೆದನು. ಹಳೆಯ ವೇಳಾಪಟ್ಟಿಯ ನೆನಪಾಯಿತು. ಆದರೆ ಅಭ್ಯಾಸವೆಂಬುದು ಒಂದು ದಿನ ತಪ್ಪಿದರೆ ಮುರಿದುಬೀಳುವ ಗಾಜಲ್ಲ. ರಂಗನಾಥನ್ ಕಲಿತ ಲಂಡನ್ನಿನ ಅದೇ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ೯೬ ಮಂದಿಯನ್ನು ಗಮನಿಸಿ ನಡೆಸಿದ ಅಧ್ಯಯನವೊಂದು ೨೦೧೦ರಲ್ಲಿ ಪ್ರಕಟವಾಯಿತು. ದಿನವೂ ಒಂದೇ ಸಂದರ್ಭದಲ್ಲಿ ಮಾಡುವ ಚಿಕ್ಕ ಕೆಲಸವೊಂದು ತಾನಾಗಿಯೇ ನಡೆಯುವಷ್ಟು ಅಭ್ಯಾಸವಾಗಲು ಸರಾಸರಿ ೬೬ ದಿನಗಳು ಬೇಕಾಗುತ್ತವೆಂದು ಅದರಿಂದ ತಿಳಿದುಬಂದಿತು. ಒಬ್ಬೊಬ್ಬರಿಗೆ ಒಂದೊಂದು ಅವಧಿ: ಕೆಲವರಿಗೆ ೧೮ ದಿನಗಳೇ ಸಾಕು, ಕೆಲವರಿಗೆ ೨೫೪ ದಿನಗಳೂ ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದುದರಿಂದ ಹೇಳಿಕೊಳ್ಳುವಂತಹ ಹಾನಿಯೇನೂ ಆಗಿರಲಿಲ್ಲ. ತರುಣನಿಗೆ ಈ ಅಧ್ಯಯನದ ಸುದ್ದಿ ಗೊತ್ತಿರಲಿಲ್ಲ. ಅವನ ನೆರವಿಗೆ ಬಂದದ್ದು ಅವನ ಊರಿನ ನದಿ.

ಬರದ ವರ್ಷಗಳಲ್ಲಿ ವೇದಾವತಿಯ ಮರಳಿನಲ್ಲಿ ಒರತೆ ತೋಡುವುದನ್ನು ಅವನು ಚಿಕ್ಕಂದಿನಲ್ಲಿ ಕಂಡಿದ್ದನು. ಕೈಯಿಂದ ಮರಳನ್ನು ಬಗೆದರೆ ಮೊದಲು ಒಣಮರಳು, ಆಮೇಲೆ ತೇವ, ಆಮೇಲೆ ಕೆಸರಿನಂತಹ ರಾಡಿನೀರು. ಆ ನೀರನ್ನು ಮೊಗೆದು ಚೆಲ್ಲಿ ತಾಯಿ ಸುಮ್ಮನೆ ಕಾಯುತ್ತಿದ್ದಳು. “ಅವಸರ ಮಾಡಿದರೆ ಮತ್ತೆ ರಾಡಿಯಾಗುತ್ತದೆ” ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಿಳಿನೀರು ಜಿನುಗುತ್ತಿತ್ತು. ಒಮ್ಮೆ ತೋಡಿದ ಒರತೆ ನಾಲ್ಕು ದಿನ ಬಿಟ್ಟರೆ ಮರಳಿನಿಂದ ಮುಚ್ಚಿಕೊಳ್ಳುತ್ತದೆ, ನಿಜ. ಆದರೆ ನೀರು ಎಲ್ಲಿದೆಯೆಂಬುದು ತೋಡಿದವನಿಗೆ ತಿಳಿದಿರುತ್ತದೆ. ಅದೇ ಜಾಗದಲ್ಲಿ ಮತ್ತೆ ಮೊಣಕಾಲೂರಿದರಾಯಿತು. ಅವನು ಗುರುತಿಗಿಟ್ಟಿದ್ದ ಬಸ್ಸಿನ ಚೀಟಿಯನ್ನು ತೆಗೆದು, ನಿಲ್ಲಿಸಿದ್ದ ಪುಟದಿಂದ ಮುಂದುವರಿಸಿದನು. ಅಂದು ಹತ್ತು ನಿಮಿಷಗಳಿಗೇ ನಿಲ್ಲಿಸಿದನು.

ಕಾಲೇಜಿಗೆ ಸೇರುವ ಮುನ್ನ ತಂದೆ ಎರಡು ಕುರಿಗಳನ್ನು ಮಾರಿ ಬಂದನು. ಹಣವನ್ನು ಕೈಗೆ ಕೊಡುವಾಗ ಹಿಂದಿನ ಪ್ರಶ್ನೆಯನ್ನು ಅವನು ಮತ್ತೆ ಕೇಳಲಿಲ್ಲ. ಸಂಜೆಗಳಲ್ಲಿ ಬಾಗಿಲ ಬಳಿ ಬೀಡಿ ಹಚ್ಚದೆ ನಿಂತು ಅವನೂ ಕಥೆ ಕೇಳುತ್ತಿದ್ದುದನ್ನು ಮಗ ಗಮನಿಸಿದ್ದನು. ಇಬ್ಬರೂ ಆ ವಿಚಾರ ಮಾತನಾಡಲಿಲ್ಲ.

ಆ ತರುಣನು ಕೆಲವು ತಿಂಗಳುಗಳಲ್ಲಿ ಮಹಾ ಓದುಗನಾದನೆಂದರೆ ಸುಳ್ಳಾಗುತ್ತದೆ. ಕಾಲೇಜಿನ ಗ್ರಂಥಾಲಯದಲ್ಲಿ ಪಕ್ಕದವರು ಎರಡು ಪುಟ ತಿರುವುವಾಗ ಅವನು ಒಂದು ಪುಟದಲ್ಲಿಯೇ ಇರುತ್ತಿದ್ದನು. ದಪ್ಪ ಪುಸ್ತಕವನ್ನು ಕಂಡೊಡನೆ ಈಗಲೂ ಅವನ ಎದೆ ಒಮ್ಮೆ ಝಲ್ಲೆನ್ನುತ್ತಿತ್ತು. ಆದರೆ ತಿಳಿಯದ ಪದವನ್ನು ಹೆಸರೆಂದು ತಿಳಿದು ದಾಟಿಹೋಗುವುದನ್ನು ಅವನು ಬಿಟ್ಟಿದ್ದನು. ನಿಧಾನವಾಗಿ ಓದುವುದು ದಡ್ಡತನವಲ್ಲವೆಂದೂ, ತಿಳಿಯದೆ ವೇಗವಾಗಿ ಓದುವುದೇ ನಷ್ಟವೆಂದೂ ಅವನಿಗೆ ಮನವರಿಕೆಯಾಗಿತ್ತು. ಎಲ್ಲಕ್ಕೂ ಮೊದಲು ಅವನು ಹಾಸ್ಟೆಲಿನಲ್ಲಿ ಹುಡುಕಿಕೊಂಡದ್ದು ಸಂಜೆಯ ಹೊತ್ತು ಕುಳಿತುಕೊಳ್ಳಲು ಒಂದು ಜಾಗವನ್ನು.

ಹೊರಡುವ ದಿನ ‘ಕಂಬನಿಯ ಕುಯಿಲು’ ಇನ್ನೂ ಮುಗಿದಿರಲಿಲ್ಲ. ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸೆಂದು ಅವನು ಒಂಬತ್ತನೆಯ ತರಗತಿಯ ಆ ಹುಡುಗಿಯ ಕೈಗೆ ಕೊಟ್ಟು ಬಸ್ಸು ಹತ್ತಿದ್ದನು. ಎರಡು ವಾರಗಳ ಮೇಲೆ ಶನಿವಾರ ಸಂಜೆ ಊರಿಗೆ ಬಂದಾಗ, ಮನೆಯ ತಿರುವಿನಲ್ಲಿಯೇ ಗಟ್ಟಿಯಾಗಿ ಓದುವ ಧ್ವನಿ ಕೇಳಿಸಿತು. ಕಟ್ಟೆಯ ಮೇಲೆ ಹುಡುಗಿ ಓದುತ್ತಿದ್ದಳು, ಹೆಂಗಸರು ಕೇಳುತ್ತಿದ್ದರು. ಅವನು ಗುರುತಿಗಿಟ್ಟಿದ್ದ ಬಸ್ಸಿನ ಚೀಟಿ ಬಹಳ ಪುಟಗಳಷ್ಟು ಮುಂದಕ್ಕೆ ಸರಿದಿತ್ತು. ಅವನು ಚೀಲವನ್ನು ಕೆಳಗಿಟ್ಟು, ತಾಯಿಯ ಪಕ್ಕದಲ್ಲಿ ಕುಳಿತು, ಮೆಲ್ಲಗೆ ಕೇಳಿದನು:

“ಮುಂದೇನಾಯಿತಮ್ಮ?”